ವೈಟಲ್ಸ್ ಎಲ್ಲಾ ಲಿಮಿಟ್ ಒಳಗೇ ಇದೆ, ಆದ್ರೂ ಡಾಕ್ಟರಿಗೆ ಫೋನ್ ಮಾಡಬೇಕಾ?

ಮೂರನೇ ವರ್ಷದ ನರ್ಸಿಂಗ್ ಹುಡುಗಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕ್ಲಾಸಲ್ಲಿ ಕೊಟ್ಟ ಒಂದು ಕೇಸ್ ಮೇಲೆ ನಮ್ಮ ಬ್ಯಾಚಲ್ಲಿ ಜಗಳಾನೇ ಆಗಿದೆ. ವಾರ್ಡಲ್ಲಿ ಕೆಲಸ ಮಾಡೋರು ಏನಂತೀರ ಅಂತ ತಿಳ್ಕೋಬೇಕು.

46 ವರ್ಷದ ಹೆಂಗಸು, 60 ಕೆ.ಜಿ. ಬೆಳಿಗ್ಗೆ ಹೊಟ್ಟೆ ಕೊಯ್ದು ಗರ್ಭಕೋಶ ತೆಗೆದಿದ್ದಾರೆ. ಮಧ್ಯಾಹ್ನ 2ಕ್ಕೆ ವಾರ್ಡಿಗೆ ಬಂದಾಗ ಪಲ್ಸ್ 82, ಬಿಪಿ 126/78, ಉಸಿರು 16. 4 ಗಂಟೆಗೆ ಪಲ್ಸ್ 96, ಬಿಪಿ 120/82, ಉಸಿರು 18. ಈಗ 6 ಗಂಟೆ. ಪಲ್ಸ್ 108, ಬಿಪಿ 114/86, ಉಸಿರು 22, ಆಕ್ಸಿಜನ್ ಇಲ್ಲದೆ ಸ್ಯಾಚುರೇಶನ್ 97, ಟೆಂಪರೇಚರ್ 36.8. ಯೂರಿನ್ ಮೊದಲ ಎರಡು ಗಂಟೆಯಲ್ಲಿ 110 ಎಂಎಲ್, ಆಮೇಲಿನ ಎರಡು ಗಂಟೆಯಲ್ಲಿ 35. ಡ್ರೇನಲ್ಲಿ (ಆಪರೇಶನ್ ಜಾಗದ ರಕ್ತ, ನೀರು ಹೊರಗೆ ಬರೋಕೆ ಇಟ್ಟ ಟ್ಯೂಬ್) ಮೊದಲು 60 ಬಂದಿತ್ತು, ಈಗ ಬರೀ 5. ಡ್ರೆಸಿಂಗ್ ಒದ್ದೆಯಾಗಿಲ್ಲ. ಪೇಶೆಂಟ್ ನೋವು 7 ಅಂತಾರೆ, ನೀರು ಕೇಳ್ತಾರೆ, ಹೊದಿಕೆ ಕಿತ್ತು ಕಿತ್ತು ಹಾಕ್ತಾರೆ, "ಏನೋ ಒಂಥರಾ ಆಗ್ತಿದೆ" ಅಂತಾರೆ.

ಆರ್ಡರ್ ಶೀಟಲ್ಲಿ ಎರಡು ಸಾಲು: ನೋವಿದ್ದರೆ ಟ್ರಮಡಾಲ್ ಇಂಜೆಕ್ಷನ್ ಕೊಡಿ. ಪಲ್ಸ್ 120 ದಾಟಿದರೆ, ಅಥವಾ ಮೇಲಿನ ಬಿಪಿ 100ಕ್ಕಿಂತ ಇಳಿದರೆ ತಿಳಿಸಿ.

ಆಯ್ಕೆಗಳು ನಾಲ್ಕು. ಟ್ರಮಡಾಲ್ ಕೊಡೋದು, ಅರ್ಧ ಗಂಟೆ ಬಿಟ್ಟು ಮತ್ತೆ ವೈಟಲ್ಸ್ ನೋಡೋದು, ಡಾಕ್ಟರಿಗೆ ತಿಳಿಸೋದು, ಇನ್ನಷ್ಟು ಅಸೆಸ್ ಮಾಡೋದು. ಅರ್ಧ ಕ್ಲಾಸ್ ಟ್ರಮಡಾಲ್ ಅಂತು. ನೋವಿದ್ರೆ ಪಲ್ಸ್ ಏರುತ್ತೆ, ಉಸಿರೂ ಏರುತ್ತೆ, ಆರ್ಡರ್ ಬೇರೆ ಇದೆ. ನನಗೂ ಅದೇ ಸರಿ ಅನ್ನಿಸ್ತು. ಆದ್ರೆ ಎಲ್ಲೋ ಏನೋ ಸರಿ ಇಲ್ಲ ಅಂತಾನೂ ಅನ್ನಿಸ್ತಿದೆ, ಏನು ಅಂತ ಹೇಳೋಕೆ ಬರ್ತಿಲ್ಲ. ಬರೆದುಕೊಟ್ಟ ಲಿಮಿಟ್ ಒಂದೂ ದಾಟಿಲ್ಲ. ಸೀನಿಯರ್ ಸಿಸ್ಟರ್‌ಗಳಿಗೆ ಇದು ಹೇಗೆ ಗೊತ್ತಾಗುತ್ತೆ?

---

ಸರ್ಜಿಕಲ್ ವಾರ್ಡ್ ಅಕ್ಕ ಉತ್ತರ:

ನೋಡಮ್ಮ, ಈ ಕೇಸ್ ಬರೆದವರಿಗೆ ವಾರ್ಡ್ ಗೊತ್ತು. ಆ 120, 100 ಅನ್ನೋ ಸಾಲನ್ನ ಬೇಕಂತಲೇ ಹಾಕಿದ್ದಾರೆ.

ಅಡ್ಡಕ್ಕೆ ಓದಬೇಡ. 6 ಗಂಟೆಯ ಸಾಲನ್ನ ಮಾತ್ರ ಓದಿದ್ರೆ ಈ ಹೆಂಗಸು ಚೆನ್ನಾಗೇ ಇದ್ದಾರೆ. ಮೇಲಿಂದ ಕೆಳಗೆ ಓದು. ಪಲ್ಸ್ 82, 96, 108. ಉಸಿರು 16, 18, 22. ಮೇಲಿನ ಬಿಪಿ 126, 120, 114. ಕೆಳಗಿನ ಬಿಪಿ 78, 82, 86. ನಾಲ್ಕೂ ಒಂದೇ ಕಥೆ ಹೇಳ್ತಿವೆ.

ಈಗ ಬಿಪಿಯ ಎರಡು ನಂಬರ್ ನಡುವಿನ ಅಂತರ ಲೆಕ್ಕ ಹಾಕು. 48 ಇತ್ತು, 38 ಆಯ್ತು, 28ಕ್ಕೆ ಬಂದಿದೆ. ಪಲ್ಸ್ ಪ್ರೆಶರ್ ಅಂತ ಓದಿರ್ತೀಯ, ಫಿಸಿಯಾಲಜಿ ಪರೀಕ್ಷೆ ಮುಗಿದ ಮೇಲೆ ಯಾರೂ ಅದನ್ನ ತಿರುಗಿ ನೋಡಲ್ಲ. ರಕ್ತ ಕಡಿಮೆ ಆದಾಗ ದೇಹ ರಕ್ತನಾಳಗಳನ್ನ ಬಿಗಿಮಾಡುತ್ತೆ. ಅದರಿಂದ ಕೆಳಗಿನ ಬಿಪಿ ಏರುತ್ತೆ. ಹೃದಯದಿಂದ ಒಂದು ಸಲಕ್ಕೆ ಹೊರಬೀಳೋ ರಕ್ತ ಕಡಿಮೆ ಆಗಿರೋದರಿಂದ ಮೇಲಿನದು ಮೆಲ್ಲಗೆ ಇಳಿಯುತ್ತೆ. ಎರಡೂ ಹತ್ತಿರ ಬರ್ತಾ ಇದ್ದರೆ ದೇಹ ಹಿಡಿದು ನಿಲ್ಲಿಸೋಕೆ ಹೆಣಗಾಡ್ತಿದೆ ಅಂತ ಅರ್ಥ. ಗಟ್ಟಿಮುಟ್ಟಾದ ವಯಸ್ಕರಲ್ಲಿ ಒಟ್ಟು ರಕ್ತದ ಸುಮಾರು ಶೇ. 30 ಹೋಗೋವರೆಗೂ ಮೇಲಿನ ಬಿಪಿ ಎದ್ದು ಕಾಣೋ ಹಾಗೆ ಬೀಳದೇ ಇರಬಹುದು. 60 ಕೆ.ಜಿ. ಹೆಂಗಸಲ್ಲಿ ರಕ್ತ ಇರೋದೇ ನಾಲ್ಕು ಲೀಟರ್ ಹತ್ತಿರ. ಅಂದ್ರೆ ಲೀಟರ್‌ಗೂ ಮೇಲೆ ಹೋದ ಮೇಲೆ 100ರ ಕೆಳಗೆ ಬರುತ್ತೆ, ಆಗ ನೀನು ಫೋನ್ ಮಾಡ್ತೀಯ. ಆರ್ಡರ್ ಶೀಟಿನ ಲಿಮಿಟ್ ಅನ್ನೋದು ಅದು ದಾಟಿದ್ರೆ ತಿಳಿಸಲೇಬೇಕು ಅನ್ನೋ ಗೆರೆ. ಅದಕ್ಕೂ ಮೊದಲು ತಿಳಿಸಬಾರದು ಅಂತ ಯಾರೂ ಬರೆದಿಲ್ಲ.

ನೋವಿನಿಂದ ಪಲ್ಸ್ ಏರುತ್ತೆ ಅಂದ್ರಲ್ಲ, ಅದು ನಿಜ. ಆದ್ರೆ ಬರೀ ನೋವೇ ಆಗಿದ್ರೆ ಸಾಮಾನ್ಯವಾಗಿ ಬಿಪಿಯೂ ಜೊತೆಗೆ ಏರುತ್ತೆ. 126 ಇದ್ದದ್ದು 140 ಆಗಬೇಕಿತ್ತು. ಪಲ್ಸ್ ಮೇಲೆ, ಬಿಪಿ ಕೆಳಗೆ ಅಂತ ಎರಡು ಎರಡು ದಿಕ್ಕಿಗೆ ಹೊರಟಾಗ "ನೋವಿಗೆ ಹೀಗಾಗಿದೆ" ಅನ್ನೋ ವಿವರಣೆ ಕೂಡಿ ಬರಲ್ಲ. ನಿನಗೆ ಸರಿ ಇಲ್ಲ ಅನ್ನಿಸಿದ್ದು ಇದೇ, ಹೆಸರು ಗೊತ್ತಿರಲಿಲ್ಲ ಅಷ್ಟೇ.

ಯೂರಿನ್. ಗಂಟೆಗೆ ಕೆ.ಜಿ.ಗೆ 0.5 ಎಂಎಲ್ ಲೆಕ್ಕದಲ್ಲಿ ಎರಡು ಗಂಟೆಗೆ 60 ಬರಬೇಕಿತ್ತು, ಬಂದದ್ದು 35. ಡ್ರೇನ್ 60ರಿಂದ 5ಕ್ಕೆ ಬಂದದ್ದನ್ನ ನೋಡಿ "ಬ್ಲೀಡಿಂಗ್ ನಿಂತಿದೆ" ಅಂತ ಖುಷಿ ಪಡೋರನ್ನ ಬೇಕಾದಷ್ಟು ನೋಡಿದೀನಿ. ಡ್ರೇನ್ ತಟ್ಟನೆ ನಿಂತರೆ ಮೊದಲ ಪ್ರಶ್ನೆ, ಟ್ಯೂಬ್ ಹೆಪ್ಪುಗಟ್ಟಿ ಕಟ್ಟಿಕೊಂಡಿದೆಯಾ, ಪೇಶೆಂಟ್ ಅದರ ಮೇಲೆ ಮಲಗಿದ್ದಾರಾ.

ಇನ್ನು ಉತ್ತರ. ಮಂಚದ ಹತ್ತಿರ ಹೋಗಿ ಒಂದೆರಡು ನಿಮಿಷ ನೋಡು, ಅಲ್ಲಿಂದಲೇ ಫೋನ್ ಮಾಡಿಸು. ಪರೀಕ್ಷೆಯ ನಾಲ್ಕು ಚೌಕ ವಾರ್ಡಲ್ಲಿ ಬೇರೆ ಬೇರೆ ಇರಲ್ಲ. ಆ ಒಂದೆರಡು ನಿಮಿಷದಲ್ಲಿ ಏನು ನೋಡ್ತೀಯ ಅನ್ನೋದು ಮುಖ್ಯ. ಪೇಶೆಂಟ್ ಕೈ ಹಿಡಿದುಕೊಂಡು ಪಲ್ಸ್ ಎಣಿಸು, ಮಷಿನ್ ನಂಬರ್ ಸಾಲದು. ಕೈ ತಣ್ಣಗಿದೆಯಾ, ಬೆವರಿದೆಯಾ, ನಾಡಿ ದಾರದ ಹಾಗೆ ಸಿಕ್ತಿದೆಯಾ? ಉಗುರು ಒತ್ತಿ ಬಿಡು, ಬಣ್ಣ ವಾಪಸ್ ಬರೋಕೆ 2 ಸೆಕೆಂಡಿಗಿಂತ ಜಾಸ್ತಿ ಹಿಡಿದ್ರೆ ನೆನಪಿಟ್ಕೋ. ಪ್ಯಾಡ್ ನೋಡು, ಗರ್ಭಕೋಶದ ಆಪರೇಶನ್ ಆದವರಲ್ಲಿ ಡ್ರೆಸಿಂಗ್ ಮಾತ್ರ ನೋಡಿ ಬರೋದು ಅರ್ಧ ಕೆಲಸ. ಆಮೇಲೆ ಗ್ಲೌಸ್ ಹಾಕಿಕೊಂಡು ಸೊಂಟದ ಕೆಳಗೆ ಕೈ ತೂರಿಸಿ ಹೊರಗೆ ತೆಗೆದು ನೋಡು. ಮಲಗಿದವರ ರಕ್ತ ಬೆನ್ನ ಕಡೆ ಹರಿದು ಶೀಟ್ ಅಡಿಯಲ್ಲಿ ಸೇರಿರುತ್ತೆ, ಮೇಲಿಂದ ಎಲ್ಲಾ ಬೆಳ್ಳಗೆ ಕಾಣುತ್ತೆ. ಹೊಟ್ಟೆ ಮೊದಲಿಗಿಂತ ಬಿಗಿಯಾಗಿದೆಯಾ, ಉಬ್ಬಿದೆಯಾ ನೋಡು. ಯೂರಿನ್ ಟ್ಯೂಬ್, ಅದೇ ಕ್ಯಾತೆಟರ್, ಎಲ್ಲೂ ಮಡಚಿಲ್ಲ ತಾನೆ ಅಂತ ಕಣ್ಣಾಡಿಸು, ಡಾಕ್ಟರ್ ಕೇಳೋ ಮೊದಲ ಪ್ರಶ್ನೆ ಅದೇ.

ನೀರು ಕೊಡಬೇಡ. ಇವರು ಮತ್ತೆ ಥಿಯೇಟರ್‌ಗೆ ಹೋಗಬೇಕಾಗಬಹುದು. ತುಟಿ ಒದ್ದೆ ಮಾಡು.

ಇವೆಲ್ಲಾ ಮಾಡಿ ಏನೂ ಸಿಗದಿದ್ರೂ ಫೋನ್ ಮಾಡಲೇಬೇಕು. ಹೊಟ್ಟೆ ಒಳಗೆ ಸೇರ್ತಿರೋ ರಕ್ತ ನಿನ್ನ ಕಣ್ಣಿಗೆ ಬೀಳಲ್ಲ.

---

ಐಸಿಯು ನೈಟ್ಸ್ ಉತ್ತರ:

ಅಕ್ಕ ಹೇಳಿದ್ದಕ್ಕೆ ಪೂರ್ತಿ ಒಪ್ಪೋಕಾಗ್ತಿಲ್ಲ, ಸ್ವಲ್ಪ ವಾದ ಮಾಡ್ತೀನಿ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ತಂದು 2017ರಲ್ಲಿ ಪರಿಷ್ಕರಿಸಿದ ಅರ್ಲಿ ವಾರ್ನಿಂಗ್ ಸ್ಕೋರ್ ಇದೆಯಲ್ಲ, ನ್ಯೂಸ್ 2, ಅದನ್ನ ಈ ಪೇಶೆಂಟಿಗೆ ಹಾಕಿ ನೋಡಿದೆ. ಉಸಿರು 22ಕ್ಕೆ 2, ಪಲ್ಸ್ 108ಕ್ಕೆ 1, ಉಳಿದದ್ದಕ್ಕೆಲ್ಲಾ ಸೊನ್ನೆ. ಒಟ್ಟು 3. ತುರ್ತಾಗಿ ಕರೆಯಬೇಕಾದ್ದು 5ರಿಂದ, ಎಮರ್ಜೆನ್ಸಿ ಅನ್ನೋದು 7ರಿಂದ. 3 ಬಂದ ಪ್ರತಿ ಪೇಶೆಂಟಿಗೂ ಫೋನ್ ಮಾಡ್ತಾ ಕೂತರೆ ಡ್ಯೂಟಿ ಡಾಕ್ಟರ್ ಫೋನ್ ಎತ್ತೋದೇ ಬಿಡ್ತಾರೆ. ಹೊಸಬರಿಗೆ "ಅನುಮಾನ ಬಂದ್ರೆ ಕರೀರಿ" ಅಂತ ಹೇಳಿಕೊಟ್ಟು ಕೊನೆಗೆ ಯಾರ ಮಾತಿಗೂ ಬೆಲೆ ಇಲ್ಲದ ಹಾಗಾಗುತ್ತೆ. ಸ್ಕೋರ್ ಇರೋದೇ ಇಂಥ ಜಗಳ ತಪ್ಪಿಸೋಕೆ ಅಲ್ವಾ?

ಇನ್ನೊಂದು. ನೋವು 7 ಅಂತ ಒದ್ದಾಡ್ತಿರೋರಿಗೆ ಇಂಜೆಕ್ಷನ್ ತಡೆ ಹಿಡಿಯೋದೂ ಸರಿಯಲ್ಲ. ನೋವಿನ ಔಷಧಿ ಕೊಟ್ಟರೆ ಹೊಟ್ಟೆಯ ಲಕ್ಷಣ ಮುಚ್ಚಿಹೋಗುತ್ತೆ ಅನ್ನೋದು ಹಳೇ ನಂಬಿಕೆ.

---

ಸರ್ಜಿಕಲ್ ವಾರ್ಡ್ ಅಕ್ಕ ಉತ್ತರ:

ಸ್ಕೋರ್ ಲೆಕ್ಕ ಸರಿ ಇದೆ. ಅದೇ ಸ್ಕೋರನ್ನ 2 ಗಂಟೆಗೆ ಹಾಕಿ, 0. 4 ಗಂಟೆಗೆ 1. ಈಗ 3. ಇನ್ನೆರಡು ಗಂಟೆ ಕಳೆದ್ರೆ ಎಷ್ಟಿರುತ್ತೆ? ಸ್ಕೋರಿನಲ್ಲಿ ಯೂರಿನ್ ಇಲ್ಲ, ಡ್ರೇನ್ ಇಲ್ಲ, ತಣ್ಣನೆ ಕೈ ಇಲ್ಲ, ಪಲ್ಸ್ ಪ್ರೆಶರ್ ಇಲ್ಲ, ಬೆಳಿಗ್ಗೆ ಹೊಟ್ಟೆ ಕೊಯ್ದಿದ್ದಾರೆ ಅನ್ನೋದೂ ಇಲ್ಲ. ಅದನ್ನ ಮಾಡಿದವರೇ ಇದು ಕ್ಲಿನಿಕಲ್ ಜಡ್ಜ್‌ಮೆಂಟಿಗೆ ಸಹಾಯ, ಅದರ ಬದಲಿ ಅಲ್ಲ ಅಂತ ಹೇಳಿದ್ದಾರೆ. ಸ್ಕೋರ್ ಹೆಚ್ಚು ಬಂದ್ರೆ ಕರೀಲೇಬೇಕು. ಕಡಿಮೆ ಬಂತು ಅಂತ ಸುಮ್ಮನಿರೋಕೆ ಅದು ರಜಾ ಚೀಟಿ ಅಲ್ಲ.

ಫೋನ್ ಎತ್ತಲ್ಲ ಅನ್ನೋ ಮಾತು ಒಪ್ತೀನಿ, ಅದು ನಿಜವಾದ ತೊಂದರೆ. ಆದ್ರೆ ಡಾಕ್ಟರಿಗೆ ಬೇಜಾರಾಗೋದು ಅರ್ಧಂಬರ್ಧ ಮಾತಾಡಿದಾಗ. ಮೂರು ರೀಡಿಂಗ್ ಕೈಯಲ್ಲಿಟ್ಕೊಂಡು ಮಾತಾಡಿದವರಿಗೆ ಬೈದದ್ದನ್ನ ನಾನು ಕಂಡದ್ದು ಕಡಿಮೆ.

ಟ್ರಮಡಾಲ್ ವಿಷಯದಲ್ಲಿ ನೀವು ಹೇಳಿದ್ದು ಸರಿ. ನೋವನ್ನ ಹಾಗೇ ಬಿಡು ಅಂತ ನಾನೂ ಹೇಳಿಲ್ಲ. ನನ್ನ ಭಯ ಬೇರೆ. ಇಂಜೆಕ್ಷನ್ ಕೊಟ್ಟ ಮೇಲೆ ಪೇಶೆಂಟ್ ಸುಮ್ಮನಾಗ್ತಾರೆ, ಆಗ "ನೋವು ಕಡಿಮೆ ಆಯ್ತು, ಮಲಗಿದ್ದಾರೆ" ಅಂತ ಬರೆದು ಮುಂದಿನ ಬೆಡ್‌ಗೆ ಹೋಗ್ತಾರೆ. ಸುಮ್ಮನಾದದ್ದು ನೋವು ಹೋಗಿ ಅಂತ ಯಾರು ಹೇಳಿದ್ದು? ಮೆದುಳಿಗೆ ರಕ್ತ ಸಾಲದೇ ಹೋದರೂ ಸುಮ್ಮನಾಗ್ತಾರೆ. ರಕ್ತ ಕಡಿಮೆಯಾದ ದೇಹದಲ್ಲಿ ಇಂಥ ಔಷಧಿ ಬಿಪಿಯನ್ನ ಇನ್ನೂ ಇಳಿಸಬಹುದು ಅನ್ನೋದೂ ಇದೆ. ಅದಕ್ಕೇ ಫೋನ್ ಮಾಡಿದಾಗಲೇ "ನೋವು 7 ಇದೆ, ಏನು ಕೊಡಲಿ, ಎಷ್ಟು ಕೊಡಲಿ" ಅಂತ ಅದನ್ನೂ ಕೇಳಿಬಿಡೋದು.

ಅಂದಹಾಗೆ ಈ ಕೇಸಿನಲ್ಲಿ ಉಸಿರು 16, 18, 22 ಅಂತ ಬೇರೆ ಬೇರೆ ಬರೆದಿರೋದೇ ಒಂದು ಪವಾಡ. ನಿಜವಾದ ಚಾರ್ಟ್ ತೆಗೆದು ನೋಡಿ, ವಾರ್ಡಿನ ಎಲ್ಲರೂ ನಿಮಿಷಕ್ಕೆ 20 ಸಲ ಉಸಿರಾಡ್ತಿರ್ತಾರೆ, ನ್ಯುಮೋನಿಯಾ ಆದವರೂ, ನಾಳೆ ಮನೆಗೆ ಹೋಗೋರೂ. ಪಲ್ಸಿಗೆ ಮಷಿನ್ ಇದೆ, ಬಿಪಿಗೆ ಮಷಿನ್ ಇದೆ, ಉಸಿರನ್ನ ಎಣಿಸಬೇಕು, ಒಂದು ನಿಮಿಷ ನಿಲ್ಲಬೇಕು, ಯಾರಿಗೆ ಪುರುಸೊತ್ತು? ಪೇಶೆಂಟ್ ಹದಗೆಡುವಾಗ ಎಲ್ಲಕ್ಕಿಂತ ಮೊದಲು ಏರೋದರಲ್ಲಿ ಉಸಿರು ಒಂದು. ವಿದ್ಯಾರ್ಥಿಗಳಿಗೆ ನಾನು ಹೇಳೋದು ಇಷ್ಟು, ಪಲ್ಸ್ ಎಣಿಸಿದ ಮೇಲೂ ಮಣಿಕಟ್ಟು ಬಿಡಬೇಡಿ. ಹಾಗೇ ಹಿಡಿದುಕೊಂಡು ಎದೆ ನೋಡ್ತಾ ಇನ್ನೊಂದು ನಿಮಿಷ ಎಣಿಸಿ. ಉಸಿರು ಎಣಿಸ್ತಿದೀನಿ ಅಂತ ಗೊತ್ತಾದ ಕೂಡಲೇ ಪೇಶೆಂಟ್ ಉಸಿರಾಡೋ ರೀತಿಯೇ ಬದಲಾಗುತ್ತೆ.

---

ಪಾಠ ಮಾಡೋ ಮೇಡಂ ಉತ್ತರ:

ಪರೀಕ್ಷೆಯ ಕಡೆಯಿಂದ ಒಂದು ಮಾತು ಸೇರಿಸ್ತೀನಿ, ಇವರು ನಾಳೆ ಉತ್ತರ ಬರೆಯಬೇಕಲ್ಲ.

"ಮೊದಲು ಅಸೆಸ್ ಮಾಡು, ಆಮೇಲೆ ಕೆಲಸ ಮಾಡು" ಅಂತ ನಾವೇ ಕಲಿಸ್ತೀವಿ, ಮಕ್ಕಳು ಅದನ್ನ ಕಣ್ಣುಮುಚ್ಚಿ ಹಾಕ್ತಾರೆ. ಅಸೆಸ್‌ಮೆಂಟ್ ಅನ್ನೋ ಪದ ಇದ್ದ ಆಯ್ಕೆಗೆ ಗುರುತು ಹಾಕಿಬಿಟ್ಟರೆ ಆಯ್ತು. ನಿಮ್ಮನ್ನ ನೀವೇ ಕೇಳಿಕೊಳ್ಳಬೇಕಾದ್ದು ಏನಂದ್ರೆ, ಇನ್ನೂ ಒಂದು ವಿಷಯ ಗೊತ್ತಾದ್ರೆ ನಾನು ಮಾಡೋ ಕೆಲಸ ಬದಲಾಗುತ್ತಾ? ಬದಲಾಗೋದಾದ್ರೆ ನೋಡಿ. ಏನು ಸಿಕ್ಕಿದ್ರೂ ಫೋನ್ ಮಾಡೋದೇ ಅಂತಾದ್ರೆ ಅದು ಬರೀ ತಡ. ಈ ಕೇಸಲ್ಲಿ ಪ್ರಶ್ನೆಯೇ ಇಷ್ಟು ಮಾಹಿತಿ ಕೊಟ್ಟಿರೋದರಿಂದ ಪೇಪರಿನಲ್ಲಿ ಒಂದೇ ಆರಿಸಬೇಕಿದ್ರೆ ನನ್ನ ಉತ್ತರ ತಿಳಿಸೋದು. ಅರ್ಧ ಗಂಟೆ ಬಿಟ್ಟು ನೋಡೋದು ನಾಲ್ಕರಲ್ಲಿ ಎಲ್ಲಕ್ಕಿಂತ ಅಪಾಯಕಾರಿ ಉತ್ತರ, ಯಾಕಂದ್ರೆ ಅದು ಜವಾಬ್ದಾರಿಯ ಹಾಗೆ ಕಾಣುತ್ತೆ.

ಓದೋಕೆ ಒಂದು ಚೌಕಟ್ಟು ಬೇಕಿದ್ರೆ ನರ್ಸಿಂಗ್ ಪ್ರೊಫೆಸರ್ ಕ್ರಿಸ್ಟೀನ್ ಟ್ಯಾನರ್ 2006ರಲ್ಲಿ ಮುಂದಿಟ್ಟ ಮಾದರಿ ನೋಡಿ: ಗಮನಿಸೋದು, ಅರ್ಥ ಮಾಡಿಕೊಳ್ಳೋದು, ಸ್ಪಂದಿಸೋದು, ಆಮೇಲೆ ಹಿಂತಿರುಗಿ ಯೋಚಿಸೋದು. ಅಮೆರಿಕದಲ್ಲಿ ನರ್ಸ್ ಲೈಸೆನ್ಸಿಗೆ ಬರೆಯೋ ಎನ್‌ಕ್ಲೆಕ್ಸ್ ಪರೀಕ್ಷೆ 2023ರ ಏಪ್ರಿಲ್‌ನಿಂದ ಹೊಸ ರೂಪಕ್ಕೆ ಬಂದಾಗ ಇದೇ ಜಾತಿಯ ಕೇಸ್ ಪ್ರಶ್ನೆಗಳನ್ನೇ ತಂದದ್ದು. ನಿಮ್ಮ ಕ್ಲಾಸಿನ ಅರ್ಧ ಜನ ಗಮನಿಸಿದ್ದಾರೆ, ಪಲ್ಸ್ ಏರಿದ್ದು ಅವರಿಗೂ ಕಂಡಿದೆ. ಎಡವಿದ್ದು ಅರ್ಥ ಮಾಡಿಕೊಳ್ಳೋದರಲ್ಲಿ. ಮೊದಲು ಹೊಳೆದ ವಿವರಣೆಯಲ್ಲೇ ನಿಂತುಬಿಟ್ಟರು. ನೋವು ಅಂತ ಹೊಳೀತಾ? ಸರಿ, ನೋವಾದರೆ ಬೇರೇನು ಕಾಣಬೇಕಿತ್ತು, ಅದು ಕಾಣ್ತಿದೆಯಾ ಅಂತ ಕೇಳಬೇಕು. ಅಕ್ಕ ಬಿಪಿ 140 ಆಗಬೇಕಿತ್ತು ಅಂದ್ರಲ್ಲ, ಅವರು ಮಾಡಿದ್ದು ಅದೇ.

---

ಮೂರನೇ ವರ್ಷದ ಹುಡುಗಿ:

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಪಲ್ಸ್ ಪ್ರೆಶರ್ ಲೆಕ್ಕ ಹಾಕಿ ನೋಡಿದ್ಮೇಲೆ ಮೈ ಜುಂ ಅಂತು.

ಫೋನಲ್ಲಿ ಏನು ಹೇಳಬೇಕು ಅಂತ ಬರೆದು ನೋಡಿದೆ. ಅಕ್ಕ, ಇದು ಸರಿನಾ? "ಗುಡ್ ಈವನಿಂಗ್ ಸರ್, ಬೆಡ್ 7ರ ಪೇಶೆಂಟಿಗೆ ಇವತ್ತು ಆಪರೇಶನ್ ಆಗಿದೆ. ಅವರು ಸ್ವಲ್ಪ ಸುಸ್ತಾಗಿದ್ದಾರೆ, ನೋವಿದೆ ಅಂತಿದ್ದಾರೆ. ಪಲ್ಸ್ ಸ್ವಲ್ಪ ಜಾಸ್ತಿ ಇದೆ, ಬಿಪಿ 114/86. ಯೂರಿನ್ ಕೂಡ ಸ್ವಲ್ಪ ಕಡಿಮೆ. ಬಿಡುವಾದಾಗ ಒಮ್ಮೆ ಬಂದು ನೋಡ್ತೀರಾ ಸರ್?"

ಮತ್ತೆ ಅವರು "ಟ್ರಮಡಾಲ್ ಕೊಟ್ಟು ನೋಡ್ತಾ ಇರಿ" ಅಂದ್ಬಿಟ್ರೆ ಏನು ಮಾಡೋದು?

---

ಸರ್ಜಿಕಲ್ ವಾರ್ಡ್ ಅಕ್ಕ ಉತ್ತರ:

ಮೂರು "ಸ್ವಲ್ಪ" ಇದೆ. ಮೂರನ್ನೂ ಕಿತ್ತುಹಾಕಿ ಆ ಜಾಗದಲ್ಲಿ ನಂಬರ್ ಇಡು. "ಬಿಡುವಾದಾಗ" ಅಂದ್ರೆ ಅವರು ಬಿಡುವಾದಾಗಲೇ ಬರ್ತಾರೆ, ತಪ್ಪು ಅವರದ್ದಲ್ಲ.

ನಿನಗೆ ಅನುಮಾನ ಏನು ಅಂತ ಮೊದಲನೇ ವಾಕ್ಯದಲ್ಲೇ ಹೇಳು. ರೋಗ ಪತ್ತೆ ಮಾಡೋದು ನರ್ಸ್ ಕೆಲಸ ಅಲ್ಲ ಅಂತ ಹಿಂಜರೀಬೇಡ, ಅನುಮಾನ ಹೇಳೋಕೆ ಯಾರ ಅಪ್ಪಣೆಯೂ ಬೇಡ. ಹೀಗೆ:

"ಸರ್, ಸರ್ಜಿಕಲ್ ವಾರ್ಡಿಂದ ಸ್ಟಾಫ್ ನರ್ಸ್. ಬೆಡ್ 7, ಬೆಳಿಗ್ಗೆ ಗರ್ಭಕೋಶ ತೆಗೆದವರು, ಒಳಗೆ ಬ್ಲೀಡ್ ಆಗ್ತಿದೆಯಾ ಅಂತ ಅನುಮಾನ. 2 ಗಂಟೆಯಿಂದ 6ರ ಒಳಗೆ ಪಲ್ಸ್ 82ರಿಂದ 108, ಬಿಪಿ 126/78ರಿಂದ 114/86, ಉಸಿರು 16ರಿಂದ 22. ಎರಡು ಗಂಟೆಯಲ್ಲಿ ಯೂರಿನ್ 35 ಎಂಎಲ್, ಕ್ಯಾತೆಟರ್ ಮಡಚಿಲ್ಲ. ಡ್ರೇನ್ 60 ಬರ್ತಿದ್ದದ್ದು 5ಕ್ಕೆ ನಿಂತಿದೆ. ಕೈ ತಣ್ಣಗಿದೆ, ಚಡಪಡಿಸ್ತಿದ್ದಾರೆ, ನೋವು 7. ಡ್ರೆಸಿಂಗ್ ಒದ್ದೆ ಇಲ್ಲ. ನೀವು ಈಗಲೇ ಬಂದು ನೋಡಬೇಕು. ಬರೋ ಒಳಗೆ ಫ್ಲೂಯಿಡ್ ಏನು ಹಾಕಲಿ? ಹಿಮೋಗ್ಲೋಬಿನ್‌ಗೂ ಕ್ರಾಸ್ ಮ್ಯಾಚ್‌ಗೂ ಸ್ಯಾಂಪಲ್ ತೆಗೀಲಾ? ನೋವಿಗೆ ಏನು ಕೊಡಲಿ?"

ಕ್ರಾಸ್ ಮ್ಯಾಚ್ ಅಂದ್ರೆ ಕೊಡೋ ರಕ್ತ ಇವರಿಗೆ ಹೊಂದುತ್ತಾ ಅಂತ ನೋಡೋ ಟೆಸ್ಟ್. ಕೈ ತಣ್ಣಗಿದೆ ಅನ್ನೋದು ನಿನ್ನ ಕೇಸಲ್ಲಿ ಇರಲಿಲ್ಲ, ನೀನು ಮುಟ್ಟಿ ನೋಡಿದ್ರೆ ಹೀಗೆ ಹೇಳ್ತೀಯ ಅಂತ ಸೇರಿಸಿದೆ. ಬೆಚ್ಚಗಿದ್ರೆ ಬೆಚ್ಚಗಿದೆ ಅಂತಲೇ ಹೇಳು. ಎಸ್‌ಬಾರ್ ಅಂತ ಕಲಿಸಿರ್ತಾರಲ್ಲ, ಈಗಿನ ಸ್ಥಿತಿ, ಹಿನ್ನೆಲೆ, ಅಂದಾಜು, ಬೇಡಿಕೆ, ಇದು ಅದೇ. ಮಕ್ಕಳು ಮೊದಲ ಎರಡನ್ನ ಚೆನ್ನಾಗಿ ಹೇಳಿ ಕೊನೆಯ ಎರಡನ್ನ ನುಂಗಿಬಿಡ್ತಾರೆ.

"ಕೊಟ್ಟು ನೋಡ್ತಾ ಇರಿ" ಅಂದ್ರೆ ಅವರು ಹೇಳಿದ್ದನ್ನ ಅವರಿಗೇ ಓದಿ ಹೇಳಿಸು: "ಟ್ರಮಡಾಲ್ ಕೊಟ್ಟು ಗಮನಿಸಿ ಅಂದಿರಿ, ಈಗ ಬಂದು ನೋಡಲ್ಲ ಅಂದಿರಿ, ಹಾಗೇ ಬರೀಲಾ ಸರ್?" ಇದು ಧಮಕಿ ಅಲ್ಲ. ತನ್ನ ಮಾತನ್ನ ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಎಷ್ಟೋ ಜನ ಒಂದು ಕ್ಷಣ ನಿಂತು ಯೋಚಿಸ್ತಾರೆ. ಆಮೇಲೂ ಒಪ್ಪದಿದ್ರೆ "ನನಗೆ ಸಮಾಧಾನ ಇಲ್ಲ ಸರ್, ಪೇಶೆಂಟಿಗೆ ಅಪಾಯ ಅನ್ನಿಸ್ತಿದೆ, ಇನ್‌ಚಾರ್ಜ್‌ಗೂ ತಿಳಿಸ್ತೀನಿ" ಅಂತ ಹೇಳೇ ಮೇಲಿನವರಿಗೆ ಹೋಗೋದು. ಇನ್‌ಚಾರ್ಜ್ ಸಿಸ್ಟರ್, ಅವರ ಮೇಲಿನ ಡಾಕ್ಟರ್, ಆಸ್ಪತ್ರೆಯಲ್ಲಿ ರ‍್ಯಾಪಿಡ್ ರೆಸ್ಪಾನ್ಸ್ ಟೀಮ್ ಇದ್ದರೆ ಅವರು. ಯಾರಿಗೆ, ಎಷ್ಟು ಗಂಟೆಗೆ, ಏನು ಹೇಳಿದೆ, ಏನು ಉತ್ತರ ಬಂತು, ಎಲ್ಲಾ ಚಾರ್ಟಲ್ಲಿ ಆಗಲೇ ಬರೀಬೇಕು. "ಡಾಕ್ಟರಿಗೆ ತಿಳಿಸಲಾಗಿದೆ" ಅನ್ನೋ ಎರಡು ಪದದಿಂದ ಯಾರಿಗೂ ಏನೂ ಗೊತ್ತಾಗಲ್ಲ. 15 ನಿಮಿಷಕ್ಕೊಮ್ಮೆ ವೈಟಲ್ಸ್.

ನೀನಿನ್ನೂ ವಿದ್ಯಾರ್ಥಿನಿ, ಫೋನಲ್ಲಿ ಆರ್ಡರ್ ತಗೋಬೇಡ. ನಿನ್ನ ಕೆಲಸ ಸ್ಟಾಫ್ ನರ್ಸನ್ನ ಮಂಚದ ಹತ್ತಿರಕ್ಕೆ ಕರ್ಕೊಂಡು ಬರೋದು, ಮೂರು ರೀಡಿಂಗನ್ನ ಒಂದು ಚೀಟಿಯಲ್ಲಿ ಕೆಳಗೆ ಕೆಳಗೆ ಬರೆದು ಅವರ ಕೈಗೆ ಕೊಡೋದು, ಪೇಶೆಂಟನ್ನ ಒಬ್ಬರೇ ಬಿಟ್ಟು ಹೋಗದೇ ಇರೋದು. ಅವರು ಔಷಧಿ ಟ್ರಾಲಿ ಹಿಡ್ಕೊಂಡಿದ್ರೆ "ಸಿಸ್ಟರ್, ಬೆಡ್ 7 ಪಲ್ಸ್ 82 ಇದ್ದದ್ದು 108 ಆಗಿದೆ, ಯೂರಿನ್ ನಿಲ್ತಾ ಬಂದಿದೆ, ಈಗ ಬನ್ನಿ" ಅನ್ನು.

ಒಂದು ಎಚ್ಚರಿಕೆ. ಆಗ ಕಳಿಸಿದ ಹಿಮೋಗ್ಲೋಬಿನ್ ಚೆನ್ನಾಗೇ ಬರಬಹುದು, ಅದನ್ನ ನೋಡಿ ಯಾರಾದ್ರೂ ನಿನ್ನನ್ನ ನಗಾಡಬಹುದು. ರಕ್ತ ಹೋಗುವಾಗ ಕೆಂಪು ಕಣವೂ ನೀರೂ ಒಟ್ಟಿಗೇ ಹೋಗುತ್ತೆ, ಉಳಿದ ರಕ್ತದಲ್ಲಿ ಪ್ರಮಾಣ ಅಷ್ಟೇ ಇರುತ್ತೆ. ದೇಹದ ನೀರು ಒಳಕ್ಕೆ ಬಂದು ಅಥವಾ ನಾವು ಹಾಕಿದ ಫ್ಲೂಯಿಡ್ ಬೆರೆತು ತೆಳುವಾದ ಮೇಲೆ ನಂಬರ್ ಇಳಿಯುತ್ತೆ.

---

ಮೂರನೇ ವರ್ಷದ ಹುಡುಗಿ:

ಕೊನೇ ಪ್ರಶ್ನೆ ಅಕ್ಕ. ಇದೇ ಪೇಶೆಂಟ್ ಮೊದಲಿಂದ ಬಿಪಿಗೆ ಮೆಟೊಪ್ರೊಲಾಲ್ ತಗೋತಿದ್ರೆ? ಪಲ್ಸ್ ಏರೋದೇ ಇಲ್ಲ ಅಲ್ವಾ?

---

ಸರ್ಜಿಕಲ್ ವಾರ್ಡ್ ಅಕ್ಕ ಉತ್ತರ:

ಆ ಮಾತ್ರೆ ಹೃದಯ ಬಡಿತವನ್ನೇ ನಿಧಾನ ಮಾಡುತ್ತಲ್ಲ, ಏರದೇ ಇರಬಹುದು, ಏರಿದ್ರೂ ಇಷ್ಟು ಏರಲ್ಲ. 76ರಲ್ಲೇ ಕೂತಿರುತ್ತೆ, ಹಾರ್ಟ್ ಚೆನ್ನಾಗಿದೆ ಅಂದ್ಕೋತೀಯ. ಪೇಸ್‌ಮೇಕರ್ ಇದ್ದೋರಲ್ಲೂ ಪಲ್ಸ್ ನಂಬಿ ಕೂರೋ ಹಾಗಿಲ್ಲ. ಮತ್ತೆ ಸದಾ 160 ಬಿಪಿಯಲ್ಲೇ ಇದ್ದವರಿಗೆ 114 ಅನ್ನೋದು ನಾರ್ಮಲ್ ಅಲ್ಲ, ಅದು ಆಗಲೇ ಬಿದ್ದ ಬಿಪಿ. ಅದಕ್ಕೇ ಹ್ಯಾಂಡೋವರ್‌ನಲ್ಲಿ ಆಪರೇಶನ್ ಮೊದಲಿನ ಬಿಪಿ ಎಷ್ಟಿತ್ತು, ಮನೆಯಲ್ಲಿ ಯಾವ ಮಾತ್ರೆ ನುಂಗ್ತಿದ್ದರು, ಈ ಎರಡನ್ನೂ ಕೇಳಿ ತಗೋ. ಇಂಥವರಲ್ಲಿ ಉಸಿರು, ಯೂರಿನ್, ಕೈಯ ತಣುಪು, ಚಡಪಡಿಕೆ, ಇವಿಷ್ಟರ ಮೇಲೇ ಲೆಕ್ಕ ಹಾಕಬೇಕಾಗುತ್ತೆ.